ಹಸಿರು ನೀರಿನ ಹೆಪ್ಪು

ಉಪ್ಪುನೀರಿನ ಟ್ಯಾಂಕಿನಲ್ಲಿ ಸಾಕಿದ ಮ್ಯಾಂಡರಿನ್ ಮೀನು ಸೊರಗುತ್ತಿದೆಯೇ ಎಂದು ತಿಳಿಯಬೇಕಾದರೆ ಅದನ್ನು ಮೇಲಿನಿಂದ ನೋಡಬೇಕು. ಪಕ್ಕದಿಂದ ನೋಡಿದರೆ ನೀಲಿ, ಕಿತ್ತಳೆ, ಹಸಿರು ಗೆರೆಗಳ ಸೊಬಗಿನಲ್ಲಿ ಕಣ್ಣು ಸಿಕ್ಕಿಕೊಂಡು ಬೇರೇನೂ ಕಾಣುವುದಿಲ್ಲ. ಮೇಲಿನಿಂದ ನೋಡಿದಾಗ ತಲೆಯ ಹಿಂದೆ ಮೈ ಕಿರಿದಾಗಿ, ಹೊಟ್ಟೆಯ ಎರಡೂ ಬದಿ ಒಳಸೇರಿದ್ದರೆ ಆ ಮೀನು ಎಷ್ಟೋ ದಿನಗಳಿಂದ ಅರೆಹೊಟ್ಟೆಯಲ್ಲಿದೆ. ನನ್ನ ಮೊದಲ ಮ್ಯಾಂಡರಿನ್ ಸತ್ತದ್ದು ಹೀಗೆಯೇ. ದಿನಕ್ಕೆರಡು ಬಾರಿ ಫ್ರೋಜನ್ ಆಹಾರ ಹಾಕುತ್ತಿದ್ದೆ. ಮೀನು ಆ ತುಣುಕುಗಳ ಪಕ್ಕದಲ್ಲೇ ಹಾದು ಹೋಗಿ ಕಲ್ಲನ್ನು ಕುಕ್ಕುತ್ತಿತ್ತು. ಕಲ್ಲಿನ ಮೇಲೆ ಕುಕ್ಕಲು ಏನೂ ಉಳಿದಿಲ್ಲ ಎಂಬುದು ನನಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು.

ಅದು ಹುಡುಕುತ್ತಿದ್ದದ್ದು ಪುಟ್ಟ ಜೀವಿಗಳಾದ ಕೋಪೆಪಾಡ್‌ಗಳನ್ನು. ಪಶ್ಚಿಮ ಪೆಸಿಫಿಕ್‌ನ ಹವಳದ ದಿಬ್ಬಗಳಲ್ಲಿ ಬದುಕುವ ಈ ಮೀನಿಗೆ ನಮ್ಮ ಹಾಗೆ ಊಟವನ್ನು ತುಂಬಿಟ್ಟುಕೊಳ್ಳುವ ಜಠರವಿಲ್ಲ. ಹಾಗಾಗಿ ಹಗಲಿಡೀ ಚೂರುಚೂರೇ ತಿನ್ನುತ್ತಿರಬೇಕು, ಅದೂ ಜೀವಂತವಾಗಿ ಚಲಿಸುವುದನ್ನೇ ತಿನ್ನಬೇಕು. ಹೊಸ ಟ್ಯಾಂಕಿನಲ್ಲಿ ಇದ್ದಬದ್ದ ಕೋಪೆಪಾಡ್‌ಗಳನ್ನು ಕೆಲವೇ ವಾರಗಳಲ್ಲಿ ಖಾಲಿ ಮಾಡಿ ಉಪವಾಸ ಬೀಳುತ್ತದೆ. ಇಂಥ ಮೀನನ್ನು ತರಬೇಕೆನ್ನುವವರು ಮೊದಲು ಅದರ ಊಟವನ್ನು ಸಾಕಲು ಕಲಿಯಬೇಕು. ಮೊಸರಿಗೆ ಹೆಪ್ಪು ಉಳಿಸಿಕೊಳ್ಳುವ ಮನೆಯವರಿಗೆ ಈ ಕೆಲಸ ಹೊಸದೆನಿಸುವುದಿಲ್ಲ.

ಹುಟ್ಟುಗಾಲಿನ ಜೀವಿ

ಕೋಪೆಪಾಡ್ ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ್ದು. ಗ್ರೀಕ್ ಭಾಷೆಯಲ್ಲಿ ‘ಕೋಪೆ’ ಎಂದರೆ ದೋಣಿಯ ಹುಟ್ಟು, ‘ಪೋಡ್’ ಎಂದರೆ ಕಾಲು. ಹುಟ್ಟಿನಂತೆ ಕಾಲು ಬೀಸಿ, ಹಾರಿ ಹಾರಿ ಈಜುವುದರಿಂದ ಆ ಹೆಸರು. ವಿಜ್ಞಾನಿಗಳು ಈವರೆಗೆ ಗುರುತಿಸಿದ ಜಾತಿಗಳೇ 10,000ಕ್ಕಿಂತ ಹೆಚ್ಚು. ನಾವು ಮನೆಯಲ್ಲಿ ಸಾಕುವವು ಬೆಳೆದಾಗ ಅರ್ಧದಿಂದ ಒಂದೂವರೆ ಮಿಲಿಮೀಟರ್ ಇರುತ್ತವೆ. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಪಕ್ಕದಿಂದ ಟಾರ್ಚ್ ಬಿಟ್ಟರೆ ಬರಿಗಣ್ಣಿಗೇ ಕಾಣುತ್ತವೆ.

ಕನ್ನಡನಾಡಿಗೆ ಈ ಬಳಗದ ಪರಿಚಯ ಹಳೆಯದು. ಉತ್ತರ ಕರ್ನಾಟಕದಲ್ಲಿ ಬಾವಿಗಿಳಿದು ನೀರು ತರುತ್ತಿದ್ದವರನ್ನು ಕಾಡಿದ ನಾರುಹುಣ್ಣು ಎಂಬ ರೋಗದ ಹುಳುವಿನ ಮರಿ, ಸೈಕ್ಲಾಪ್ಸ್ ಎಂಬ ಸಿಹಿನೀರಿನ ಕೋಪೆಪಾಡ್‌ನ ಒಳಗೆ ಕುಳಿತೇ ಮನುಷ್ಯನ ಹೊಟ್ಟೆ ಸೇರುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಆರೋಗ್ಯ ಕಾರ್ಯಕರ್ತರು ಹಳ್ಳಿಗಳಲ್ಲಿ ಹೇಳಿಕೊಟ್ಟರು. 1996ರ ನಂತರ ದೇಶದಲ್ಲಿ ಹೊಸ ರೋಗಿ ಕಾಣಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಸಾರಿತು. ಅಂದು ಹೊಟ್ಟೆಗೆ ಹೋಗದಿರಲಿ ಎಂದು ಸೋಸಿದ ಜೀವಿಯ ದಾಯಾದಿಯನ್ನು ಇಂದು ನಾವು ಮೀನಿನ ಹೊಟ್ಟೆಗೆ ಸೇರಲಿ ಎಂದು ಸೋಸುತ್ತೇವೆ. ಉಪ್ಪುನೀರಿನ ಈ ಜಾತಿಗಳಿಗೂ ನಾರುಹುಣ್ಣಿಗೂ ನಂಟಿಲ್ಲ, ಅಂಜಬೇಕಿಲ್ಲ.

ಕೋಪೆಪಾಡ್‌ನ ಬಾಳು ಹನ್ನೆರಡು ಮಜಲಿನದು. ಮೊಟ್ಟೆಯೊಡೆದು ಬಂದ ಮರಿಗೆ ನಾಪ್ಲಿಯಸ್ ಎಂದು ಹೆಸರು. ಅದು ಪೊರೆ ಬಿಡುತ್ತ ಆರು ಹಂತ ದಾಟುತ್ತದೆ. ಆಮೇಲೆ ಕೋಪೆಪೋಡೈಟ್ ಎಂಬ ಐದು ಹಂತ, ಕೊನೆಗೆ ಪ್ರೌಢಾವಸ್ಥೆ. ಒಂದೇ ಪಾತ್ರೆಯಲ್ಲಿ ಈ ಎಲ್ಲ ಅಳತೆಯವೂ ಒಟ್ಟಿಗೆ ಇರುತ್ತವೆ. ಮರಿಮೀನಿನ ಪುಟ್ಟ ಬಾಯಿಗೆ ನಾಪ್ಲಿಯಸ್ ಹಿಡಿಸಿದರೆ, ದೊಡ್ಡ ಮೀನಿಗೆ ಬೆಳೆದದ್ದು ಸಲ್ಲುತ್ತದೆ.

ಪೋಷಣೆಯ ಮಾತಿಗೆ ಬಂದರೆ, ಅಂಗಡಿಯಲ್ಲಿ ಸುಲಭವಾಗಿ ಸಿಗುವ ಆರ್ಟೀಮಿಯ ಎಂಬ ಸಿಗಡಿಯಂಥ ಜೀವಿಯ ಮರಿಗಳಲ್ಲಿ ಡಿಎಚ್ಎ ಎಂಬ ಕೊಬ್ಬಿನಾಮ್ಲ ಇಲ್ಲವೆನ್ನುವಷ್ಟು ಕಡಿಮೆ. ಕಡಲಮೀನಿನ ಮರಿಗೆ ಕಣ್ಣು ಮತ್ತು ನರಗಳು ಬೆಳೆಯಲು ಅದು ಬೇಕೇ ಬೇಕು. ಕೋಪೆಪಾಡ್‌ನಲ್ಲಿ ಅದು ಸಹಜವಾಗಿಯೇ ಇರುತ್ತದೆ. ಕೇರಳದ ವಿಳಿಂಜಂನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವು ಕಡಲಮೀನುಗಳ ಮರಿಗಳಿಗಾಗಿ ಕೋಪೆಪಾಡ್ ಬೆಳೆಸುವ ಕೆಲಸಕ್ಕೆ ಕೈಹಾಕಿದ್ದು ಇದೇ ಕಾರಣಕ್ಕೆ.

ಯಾವುದನ್ನು ಸಾಕಬೇಕು?

ಟ್ಯಾಂಕಿನವರು ಕೇಳುವ ಹೆಸರುಗಳು ಮುಖ್ಯವಾಗಿ ಮೂರು: ಟಿಗ್ರಿಯೋಪಸ್, ಟಿಸ್ಬೆ, ಅಪೊಸೈಕ್ಲಾಪ್ಸ್.

ಟಿಗ್ರಿಯೋಪಸ್ ಕ್ಯಾಲಿಫೋರ್ನಿಕಸ್ ಉತ್ತರ ಅಮೆರಿಕದ ಪೆಸಿಫಿಕ್ ತೀರದ ಬಂಡೆಗಳ ಮೇಲೆ, ಅಲೆಯ ಸಿಂಪಡಿಕೆಯಿಂದ ತುಂಬುವ ಹೊಂಡಗಳಲ್ಲಿ ಬದುಕುತ್ತದೆ. ಆ ಹೊಂಡಗಳು ಬಿಸಿಲಿಗೆ ಉಪ್ಪಾಗುತ್ತವೆ, ಮಳೆಗೆ ಸಪ್ಪೆಯಾಗುತ್ತವೆ. ಅಲ್ಲಿ ಪಳಗಿದ ಜೀವಿಯಾದ್ದರಿಂದ ಸಣ್ಣಪುಟ್ಟ ತಪ್ಪುಗಳನ್ನು ತಾಳಿಕೊಳ್ಳುತ್ತದೆ. ಕಿತ್ತಳೆಗೆಂಪು ಬಣ್ಣದ್ದು, ಗಾತ್ರದಲ್ಲಿ ದೊಡ್ಡದು, ಕಣ್ಣಿಗೆ ಬೇಗ ಬೀಳುತ್ತದೆ. ಹೊಸಬರು ಇದರಿಂದಲೇ ಆರಂಭಿಸುವುದು ಒಳ್ಳೆಯದು. ಆದರೆ ಬೆಳೆಯುವುದು ನಿಧಾನ, ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಸುಮಾರು ಮೂರು ವಾರ ಬೇಕು. ಹವಳ ಬೆಳೆಸುವ ಬೆಚ್ಚಗಿನ ರೀಫ್ ಟ್ಯಾಂಕಿನಲ್ಲಿ ಇದು ನೆಲೆನಿಂತು ಸಂಸಾರ ಹೂಡುವುದಕ್ಕಿಂತ ಮೀನಿನ ಬಾಯಿಗೆ ಬೀಳುವುದೇ ಹೆಚ್ಚು.

ಟಿಸ್ಬೆ ಸಣ್ಣದು, ಬಿಳಿಚು. ಕಲ್ಲಿನ ಸಂದಿಯಲ್ಲೂ ಗಾಜಿನ ಮೇಲೂ ಹರಿದಾಡುತ್ತ ತಳದ ಕಸ ತಿಂದು ಬದುಕಬಲ್ಲದು. ಒಂದೆರಡು ವಾರದೊಳಗೆ ಒಂದು ತಲೆಮಾರು ಮುಗಿಸಿ ಟ್ಯಾಂಕಿನಲ್ಲೇ ಬೇರೂರುತ್ತದೆ. ಮ್ಯಾಂಡರಿನ್ ಸಾಕುವವರಿಗೆ ದೀರ್ಘಕಾಲದ ಆಸರೆ ಇದೇ. ಅಪೊಸೈಕ್ಲಾಪ್ಸ್ ಶಾಖವನ್ನು ಚೆನ್ನಾಗಿ ತಾಳುತ್ತದೆ. ಮಂಗಳೂರು, ಉಡುಪಿ, ಕಾರವಾರದಂಥ ಸೆಕೆಯ ಊರುಗಳಲ್ಲಿ ನಾನು ಇದನ್ನೇ ಹೇಳುತ್ತೇನೆ.

ಹೆಪ್ಪಿಗೆ ಶುದ್ಧವಾದ ಒಂದೇ ಜಾತಿಯ ಕೋಪೆಪಾಡ್ ಇರುವ ಬಾಟಲಿ ಕೊಳ್ಳಿ. ಸಮುದ್ರದ ನೀರನ್ನೇ ತಂದು ಸೋಸಿ ಆರಂಭಿಸುವ ಆಸೆ ಬೇಡ, ಅದರಲ್ಲಿ ಬೇಟೆಗಾರ ಜೀವಿಗಳೂ ರೋಗಾಣುಗಳೂ ಬರುತ್ತವೆ. ಇನ್ನೊಂದು ಎಚ್ಚರಿಕೆಯೂ ಸೇರಲಿ. ಕಲ್ಲುಹವಳಗಳು, ಕಡಲಬೀಸಣಿಗೆಗಳು, ಕಡಲಕುದುರೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಾಗಲಿ ಬೇರೆಲ್ಲೇ ಆಗಲಿ ಅವುಗಳನ್ನು ಕೀಳುವುದು ಅಪರಾಧ. ಟ್ಯಾಂಕಿನ ಪ್ರೀತಿ ಕಡಲನ್ನು ಬರಿದು ಮಾಡಬಾರದು.

ಪಾತ್ರೆ, ನೀರು, ಗಾಳಿ

ಟಿಗ್ರಿಯೋಪಸ್ ಮತ್ತು ಟಿಸ್ಬೆ ನೀರಿನ ನಡುವೆ ತೇಲುವುದಕ್ಕಿಂತ ತಳ ಮತ್ತು ಗೋಡೆಗೆ ಅಂಟಿಕೊಂಡು ಬದುಕುವುದೇ ಹೆಚ್ಚು. ಆದ್ದರಿಂದ ಎತ್ತರದ ಡಬ್ಬಿಗಿಂತ ಅಗಲ ಬಾಯಿಯ ಟಬ್ ಮೇಲು. ಆಹಾರ ತುಂಬಲು ಯೋಗ್ಯವಾದ, ಸೋಪು ಕಾಣದ ಹೊಸ ಪ್ಲಾಸ್ಟಿಕ್ ಟಬ್ ಎರಡು ಕೊಳ್ಳಿ. ಒಂದರಲ್ಲಿ ತೊಂದರೆಯಾದರೆ ಇನ್ನೊಂದು ಉಳಿದಿರಬೇಕು, ಅದಕ್ಕೇ ಎರಡು. ಅವನ್ನು ಬೇರೆ ಬೇರೆ ಕೋಣೆಯಲ್ಲಿಟ್ಟರೆ ಇನ್ನೂ ಕ್ಷೇಮ.

ನೀರಿಗೆ ಅಕ್ವೇರಿಯಂ ಅಂಗಡಿಯ ಸಮುದ್ರದ ಉಪ್ಪಿನ ಮಿಶ್ರಣವೇ ಬೇಕು. ಅಡುಗೆ ಉಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಆ ಹದವಿಲ್ಲ. ಆರ್‌ಓ ನೀರಿಗೆ ಉಪ್ಪು ಬೆರೆಸಿ, ಗಾಳಿ ಬಿಟ್ಟು, ಒಂದು ದಿನ ಇಟ್ಟು ಅಳೆಯಿರಿ. ಸಾಪೇಕ್ಷ ಸಾಂದ್ರತೆ 1.022ರಿಂದ 1.025ರ ನಡುವೆ ಇರಲಿ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಇದ್ದರೆ ಅಳತೆ ನೆಚ್ಚಬಹುದು. ಮನೆಯ ಆರ್‌ಓ ಯಂತ್ರ ನೀರಿಗೆ ತಾಮ್ರ ಸೇರಿಸುವ ಬಗೆಯದಾಗಿದ್ದರೆ ಆ ನೀರು ಬೇಡ. ತಾಮ್ರದ ತಂಬಿಗೆ, ಹಿತ್ತಾಳೆಯ ಕೊಳಗ ಕೂಡ ಹತ್ತಿರ ಬರಬಾರದು. ನಮಗೆ ಒಳ್ಳೆಯದೆಂದು ಕುಡಿಯುವ ತಾಮ್ರದ ನೀರು ಈ ಜೀವಿಗಳಿಗೆ ವಿಷ.

ಗಾಳಿಗೆ ಸಣ್ಣ ಏರ್ ಪಂಪ್ ಸಾಕು. ಕೊಳವೆಯ ತುದಿಗೆ ಏರ್ ಸ್ಟೋನ್ ಹಾಕಬೇಡಿ. ನುಣ್ಣನೆಯ ಗುಳ್ಳೆಗಳು ನೊರೆ ಎಬ್ಬಿಸುತ್ತವೆ, ಮರಿಗಳು ಅದರಲ್ಲಿ ಸಿಕ್ಕಿ ಗೋಡೆಗೆ ಅಂಟುತ್ತವೆ. ಬರೀ ಕೊಳವೆಯಿಂದ ಸೆಕೆಂಡಿಗೆ ಒಂದೆರಡು ದೊಡ್ಡ ಗುಳ್ಳೆ ಏಳುವಂತೆ ಕವಾಟ ತಿರುಗಿಸಿ. ಕರೆಂಟು ಒಂದೆರಡು ಗಂಟೆ ಹೋದರೆ ಅಗಲದ ಟಬ್‌ಗೆ ಏನೂ ಆಗುವುದಿಲ್ಲ. ಅದಕ್ಕಿಂತ ಹೆಚ್ಚು ಹೊತ್ತು ಹೋಗುವ ಊರಾದರೆ ಬ್ಯಾಟರಿ ಪಂಪ್ ಇರಲಿ.

22ರಿಂದ 28 ಡಿಗ್ರಿ ಸೆಲ್ಸಿಯಸ್ ಒಳ್ಳೆಯ ಹದ. ಬೆಂಗಳೂರಿನ ಮನೆಗಳಲ್ಲಿ ವರ್ಷದ ಬಹುಪಾಲು ಅದು ತಾನಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಟಬ್ಬನ್ನು ನೆಲಕ್ಕಿಳಿಸಿ, ಕಿಟಕಿಯ ಬಿಸಿಲಿನಿಂದ ದೂರ ಇಡಿ. ಮುಚ್ಚಳವನ್ನು ಸಡಿಲವಾಗಿ ಮುಚ್ಚಿ, ಟಬ್‌ನ ಹೊರಗೆ ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ. ನೀರು ಆವಿಯಾದಾಗ ಉಪ್ಪು ಹಿಂದೆಯೇ ಉಳಿಯುತ್ತದೆ. ಗೆರೆಯವರೆಗೆ ತುಂಬಿಸಬೇಕಾದದ್ದು ಬರೀ ಆರ್‌ಓ ನೀರನ್ನು, ಉಪ್ಪುನೀರನ್ನಲ್ಲ.

ಊಟದ ಊಟ

ಕೋಪೆಪಾಡ್‌ಗೆ ಮುಖ್ಯ ಆಹಾರ ಫೈಟೋಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಒಂಟಿಕೋಶದ ಪಾಚಿ. ಸಾಕುವವರು ಚುಟುಕಾಗಿ ಫೈಟೋ ಎನ್ನುತ್ತಾರೆ. ನ್ಯಾನೋಕ್ಲೋರಾಪ್ಸಿಸ್ ಬೆಳೆಸಲು ಸುಲಭ, ಅದರಲ್ಲಿ ಇಪಿಎ ಎಂಬ ಕೊಬ್ಬಿನಾಮ್ಲ ಹೆಚ್ಚು. ಐಸೋಕ್ರೈಸಿಸ್‌ನಲ್ಲಿ ಡಿಎಚ್ಎ ಹೆಚ್ಚು. ಟೆಟ್ರಾಸೆಲ್ಮಿಸ್ ದೊಡ್ಡ ಕೋಶದ್ದು, ನಾಲ್ಕು ಬಾಲದಿಂದ ತಾನೇ ಈಜುವುದರಿಂದ ಬೇಗ ತಳ ಸೇರುವುದಿಲ್ಲ. ಎರಡು ಬಗೆ ಬೆರೆಸಿ ಕೊಟ್ಟರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಫೈಟೋವನ್ನು ಕೊಳ್ಳಬಹುದು, ಮನೆಯಲ್ಲೇ ಬೆಳೆಸಲೂಬಹುದು. 2 ಲೀಟರಿನ ಪಾರದರ್ಶಕ ಬಾಟಲಿಯನ್ನು ಚೆನ್ನಾಗಿ ತೊಳೆದು ಒಣಗಿಸಿ. ಹೊಸ ಉಪ್ಪುನೀರು ತುಂಬಿ, ಎಫ್/2 ಗೊಬ್ಬರವನ್ನು ಚೀಟಿಯಲ್ಲಿ ಹೇಳಿದ ಅಳತೆಗೆ ಹಾಕಿ. ಗಿಲಾರ್ಡ್ ಮತ್ತು ರೈದರ್ ಎಂಬ ವಿಜ್ಞಾನಿಗಳು 1962ರಲ್ಲಿ ಬರೆದ ಸೂತ್ರದಿಂದ ಬಂದದ್ದು ಅದು. ನೈಟ್ರೇಟ್, ಫಾಸ್ಫೇಟ್, ಲೇಶಲೋಹಗಳು, ವಿಟಮಿನ್‌ಗಳು ಅದರಲ್ಲಿವೆ. ಬಾಟಲಿಯ ಐದನೇ ಒಂದು ಭಾಗದಷ್ಟು ಫೈಟೋ ಹೆಪ್ಪು ಸುರಿದು, ಗಾಳಿ ಬಿಟ್ಟು, ಬಿಳಿ ಎಲ್‌ಇಡಿ ದೀಪವನ್ನು ಒಂದು ಗೇಣು ದೂರದಲ್ಲಿ ದಿನಕ್ಕೆ 16 ಗಂಟೆ ಉರಿಸಿ. ವಾರ, ಹತ್ತು ದಿನದಲ್ಲಿ ನೀರು ಕಡುಹಸಿರಾಗುತ್ತದೆ. ಸ್ವಲ್ಪ ಭಾಗವನ್ನು ಮುಂದಿನ ಬಾಟಲಿಗೆ ಹೆಪ್ಪಾಗಿ ಉಳಿಸಿ, ಮಿಕ್ಕದ್ದನ್ನು ಫ್ರಿಜ್ಜಿನಲ್ಲಿಡಿ. ದಿನಕ್ಕೊಮ್ಮೆ ಕುಲುಕಿದರೆ ಎರಡು ಮೂರು ವಾರ ಬಾಳುತ್ತದೆ. ಕೆಟ್ಟ ವಾಸನೆ ಬಂದರೆ, ಬಣ್ಣ ಹಳದಿಗೆ ತಿರುಗಿದರೆ ಚೆಲ್ಲಿಬಿಡಿ.

ಫೈಟೋ ಬಾಟಲಿಗೂ ಕೋಪೆಪಾಡ್ ಟಬ್‌ಗೂ ಕೊಳವೆ, ಲಾಳಿಕೆ, ಲೋಟ ಎಲ್ಲ ಬೇರೆ ಬೇರೆ ಇರಲಿ. ಫೈಟೋ ಕೆಲಸವನ್ನು ಮೊದಲು ಮುಗಿಸಿ, ಆಮೇಲೆ ಟಬ್ ಮುಟ್ಟಿ. ಒಂದೇ ಒಂದು ಕೋಪೆಪಾಡ್ ತಾಯಿ ಫೈಟೋ ಬಾಟಲಿಗೆ ಬಿದ್ದರೂ ಕೆಲವು ವಾರಗಳಲ್ಲಿ ಬಾಟಲಿ ತಿಳಿಯಾಗುತ್ತದೆ.

ಫೈಟೋ ತೀರಿದ ದಿನಕ್ಕೆ ಸ್ಪಿರುಲಿನಾ ಪುಡಿ ಆಪತ್ತಿಗಾಗುತ್ತದೆ. ಚಿಟಿಕೆಯಷ್ಟನ್ನು ನೀರಿನಲ್ಲಿ ಚೆನ್ನಾಗಿ ಕದಡಿ, ನುಣ್ಣನೆಯ ಬಟ್ಟೆಯಲ್ಲಿ ಸೋಸಿ ಹಾಕಿ. ಅದು ಜೀವಂತ ಪಾಚಿಯಲ್ಲವಾದ್ದರಿಂದ ತಿನ್ನದೆ ಉಳಿದರೆ ಕೊಳೆಯುತ್ತದೆ. ಯೀಸ್ಟ್ ನೀರನ್ನು ಇನ್ನೂ ಬೇಗ ಕೆಡಿಸುತ್ತದೆ, ಮೀನಿಗೆ ಬೇಕಾದ ಕೊಬ್ಬನ್ನೂ ಕೊಡುವುದಿಲ್ಲ.

ಹಸಿರನ್ನು ಓದುವುದು

ಈ ಕಸುಬಿನ ಗುಟ್ಟೆಲ್ಲ ಇರುವುದು ನೀರಿನ ಬಣ್ಣದಲ್ಲಿ. ಗಡಿಯಾರ ನೋಡಿ ಊಟ ಹಾಕುವವರ ಟಬ್ ಕೆಡುತ್ತದೆ, ಹಸಿರು ನೋಡಿ ಹಾಕುವವರದು ಉಳಿಯುತ್ತದೆ.

ಆರಂಭದಲ್ಲಿ ದೊಡ್ಡ ಟಬ್ ತುಂಬಬೇಡಿ. ಕೊಂಡು ತಂದ ಬಾಟಲಿಯನ್ನು ಮುಚ್ಚಿದಂತೆಯೇ ಟಬ್‌ನ ನೀರಿನಲ್ಲಿ ಅರ್ಧ ಗಂಟೆ ತೇಲಿಬಿಟ್ಟು ಶಾಖ ಸರಿಹೊಂದಿಸಿ, 3 ಲೀಟರ್ ನೀರಿಗೆ ಸುರಿಯಿರಿ. ಜೀವಿಗಳು ಹೆಚ್ಚಿದಂತೆ ವಾರಕ್ಕೊಮ್ಮೆ ಹೊಸ ಉಪ್ಪುನೀರು ಸೇರಿಸುತ್ತ 10 ಲೀಟರಿಗೆ ಏರಿಸಿ. ಫೈಟೋವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ನೀರನ್ನು ಗಾಜಿನ ಲೋಟಕ್ಕೆ ತೆಗೆದು ಪತ್ರಿಕೆಯ ಮುಂದೆ ಹಿಡಿದಾಗ ಹಸಿರು ಛಾಯೆ ಕಾಣಬೇಕು, ಹಿಂದಿನ ಅಕ್ಷರ ಓದಲೂ ಬರಬೇಕು. ಅಷ್ಟೇ ಸಾಕು.

ಒಂದೆರಡು ದಿನದಲ್ಲಿ ನೀರು ತಿಳಿಯಾದರೆ ಅವು ತಿನ್ನುತ್ತಿವೆ, ಮತ್ತೆ ಹಾಕಿ. ನಾಲ್ಕು ದಿನವಾದರೂ ಹಸಿರು ಹಾಗೆಯೇ ಇದ್ದರೆ ತಿನ್ನುವವರು ಕಡಿಮೆ ಇದ್ದಾರೆ, ಕಾಯಿರಿ. ಸಂಜೆ ಹಾಕಿದ್ದು ಬೆಳಗಾಗುವಷ್ಟರಲ್ಲಿ ಮಾಯವಾಗುತ್ತಿದ್ದರೆ ಸಂಸಾರ ಬೆಳೆದಿದೆ, ಸೋಸುವ ಕಾಲ ಬಂದಿದೆ. ಹಸಿರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ನೊರೆ ಕಟ್ಟಿ, ನೀರು ನಾರಿದರೆ ತಳದಲ್ಲಿ ಸತ್ತ ಪಾಚಿ ಕೊಳೆಯುತ್ತಿದೆ, ಅಮೋನಿಯಾ ಏರುತ್ತಿದೆ. ತಕ್ಷಣ ಎಲ್ಲವನ್ನೂ ಸೋಸಿ ಹೊಸ ನೀರಿಗೆ ಬಿಡಿ.

ಕೋಪೆಪಾಡ್‌ಗೆ ತನಗಾಗಿ ಬೆಳಕು ಬೇಕಿಲ್ಲ. ಆದರೆ ಕೋಣೆಯ ಮಂದ ಬೆಳಕಿನಲ್ಲಿ ತಿನ್ನದೆ ಉಳಿದ ಪಾಚಿ ಬದುಕಿದ್ದು ಅಮೋನಿಯಾವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಟಬ್ಬನ್ನು ಕತ್ತಲೆಯ ಕಪಾಟಿನಲ್ಲಿ ಮುಚ್ಚಿಡಬೇಡಿ.

10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಟಬ್‌ನ ಆರೋಗ್ಯವನ್ನು ಇನ್ನೂ ಚೆನ್ನಾಗಿ ಓದಬಹುದು. ಬಾಲದ ಬುಡದಲ್ಲಿ ಮೊಟ್ಟೆಚೀಲ ಹೊತ್ತ ಹೆಣ್ಣುಗಳು ಕಂಡರೆ ಒಳ್ಳೆಯ ಸೂಚನೆ. ಟಿಗ್ರಿಯೋಪಸ್‌ನಲ್ಲಿ ಒಂದರ ಬೆನ್ನಿಗೆ ಇನ್ನೊಂದು ಅಂಟಿಕೊಂಡ ಜೋಡಿಗಳು ಕಾಣುತ್ತವೆ. ಗಂಡು ಇನ್ನೂ ಬಲಿಯದ ಹೆಣ್ಣನ್ನು ಹಿಡಿದು ಕಾಯುತ್ತಿರುತ್ತದೆ. ಹೆಣ್ಣು ಕೂಡುವುದು ಒಮ್ಮೆ ಮಾತ್ರ. ಆ ಒಂದೇ ಕೂಡುವಿಕೆಯಿಂದ ಒಂದರ ಮೇಲೊಂದು ಮೊಟ್ಟೆಚೀಲ ಕಟ್ಟುತ್ತದೆ.

ಸೋಸುವ ಹದ

ಮೊದಲ ಮೂರು ವಾರ ಏನನ್ನೂ ತೆಗೆಯಬೇಡಿ. ಆಮೇಲೆ ವಾರಕ್ಕೊಮ್ಮೆ ಟಬ್‌ನ ಕಾಲು ಭಾಗದಷ್ಟು ನೀರನ್ನು ಮಾತ್ರ ಸೋಸಿ. 120ರಿಂದ 150 ಮೈಕ್ರಾನ್ ಜರಡಿಯಲ್ಲಿ ಬೆಳೆದವು ನಿಲ್ಲುತ್ತವೆ, ಬಹುಪಾಲು ನಾಪ್ಲಿಯಸ್‌ಗಳು ಕೆಳಗಿಳಿಯುತ್ತವೆ. ಇಳಿದ ನೀರನ್ನು ಟಬ್‌ಗೇ ಮರಳಿ ಸುರಿದರೆ ಮುಂದಿನ ವಾರದ ಬೆಳೆ ಅಲ್ಲೇ ಇರುತ್ತದೆ. ಮರಿಮೀನಿಗೆ ನಾಪ್ಲಿಯಸ್ ಬೇಕಾದರೆ ಆ ನೀರನ್ನು 50 ಮೈಕ್ರಾನ್ ಆಸುಪಾಸಿನ ಎರಡನೇ ಜರಡಿಯಲ್ಲಿ ಹಿಡಿಯಬೇಕು.

ಜರಡಿಯಲ್ಲಿ ನಿಂತದ್ದನ್ನು ಶುದ್ಧ ಉಪ್ಪುನೀರಿನಲ್ಲಿ ಒಮ್ಮೆ ತೊಳೆಯಿರಿ. ಟಬ್‌ನ ಕೊಳೆಯೂ ಗೊಬ್ಬರದ ಶೇಷವೂ ರೀಫ್ ಟ್ಯಾಂಕಿಗೆ ಹೋಗಬಾರದು. ರಾತ್ರಿ ದೀಪ ಆರಿದ ಮೇಲೆ, ಪಂಪು ಮತ್ತು ಕೊಳೆ ತೆಗೆಯುವ ಸ್ಕಿಮ್ಮರ್ ನಿಲ್ಲಿಸಿ, ಕಲ್ಲಿನ ಬುಡದಲ್ಲಿ ನಿಧಾನವಾಗಿ ಬಿಡಿ. ಹಗಲಿನಲ್ಲಿ ಸುರಿದರೆ ತಳ ಸೇರುವ ಮೊದಲೇ ಉಳಿದ ಮೀನುಗಳು ನುಂಗುತ್ತವೆ, ಓಡುವ ಪಂಪು ಅವನ್ನು ಫಿಲ್ಟರಿಗೆಳೆಯುತ್ತದೆ. ಅರ್ಧ ಗಂಟೆಯ ನಂತರ ಪಂಪು ಹಾಕುವುದನ್ನು ಮಾತ್ರ ಮರೆಯಬೇಡಿ. ಕೀಟೋಮಾರ್ಫಾ ಪಾಚಿ ಬೆಳೆಸಿದ, ಟ್ಯಾಂಕಿಗೆ ಜೋಡಿಸಿದ ರೆಫ್ಯೂಜಿಯಂ ಎಂಬ ಪ್ರತ್ಯೇಕ ಕೋಣೆ ಇದ್ದರೆ ಅಲ್ಲಿಗೂ ಒಂದು ಪಾಲು ಹಾಕಿ. ಮೀನಿನ ಬಾಯಿ ತಲುಪದ ಆ ಜಾಗದಿಂದ ಮರಿಗಳು ಟ್ಯಾಂಕಿಗೆ ಹರಿದು ಬರುತ್ತಿರುತ್ತವೆ.

ತಿಂಗಳಿಗೊಮ್ಮೆ ಒಂದು ಟಬ್ಬನ್ನು ಪೂರ್ತಿ ಸೋಸಿ, ಬಿಸಿನೀರಿನಲ್ಲಿ ಸೋಪಿಲ್ಲದೆ ಉಜ್ಜಿ, ಹೊಸ ನೀರು ತುಂಬಿ. ಎರಡನ್ನೂ ಒಂದೇ ದಿನ ತೊಳೆಯಬೇಡಿ.

ಕೊಲ್ಲುವ ಶತ್ರುಗಳು

ನಮ್ಮ ಮನೆಗಳಲ್ಲಿ ಟಬ್‌ನ ದೊಡ್ಡ ಶತ್ರು ಸೊಳ್ಳೆಗೆ ಹಾಕುವ ಔಷಧಿ. ಕಾಯಿಲ್, ಪ್ಲಗ್ಗಿಗೆ ಸಿಕ್ಕಿಸುವ ದ್ರವ, ಜಿರಲೆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ವಿಷ ಸಿಗಡಿಯ ಬಳಗಕ್ಕೆ ಅತ್ಯಲ್ಪ ಪ್ರಮಾಣದಲ್ಲೇ ಮಾರಕ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಎಂಬುದನ್ನು ನೆನಪಿಡಿ. ಟಬ್ ಇರುವ ಕೋಣೆಗೆ ಕಿಟಕಿ ಜಾಲರಿ ಹಾಕಿಸಿ, ಔಷಧಿ ದೂರವಿಡಿ.

ಇನ್ನೊಂದು ಶತ್ರು ರೋಟಿಫರ್ ಎಂಬ ಸೂಕ್ಷ್ಮಜೀವಿ. ಕೋಪೆಪಾಡ್ ಚಿಮ್ಮಿ ಚಿಮ್ಮಿ ಸಾಗಿದರೆ, ರೋಟಿಫರ್ ಉರುಳುತ್ತ ತೇಲುತ್ತದೆ. ಅದು ದಿನಗಳಲ್ಲೇ ಇಮ್ಮಡಿಯಾಗಿ ಫೈಟೋವನ್ನೆಲ್ಲ ತಿಂದುಹಾಕುತ್ತದೆ. ಟಬ್ ತುಂಬ ಅವೇ ಆದಾಗ ಹೋರಾಡುವುದಕ್ಕಿಂತ ಎಲ್ಲ ಚೆಲ್ಲಿ, ಪಾತ್ರೆ ಒಣಗಿಸಿ, ಶುದ್ಧ ಹೆಪ್ಪಿನಿಂದ ಮರಳಿ ಆರಂಭಿಸುವುದೇ ಲೇಸು.

ಎಷ್ಟು ನಿರೀಕ್ಷಿಸಬೇಕು?

ಎರಡು ಟಬ್‌ಗಳಿಂದ ಒಂದು ಮ್ಯಾಂಡರಿನ್‌ನ ದಿನದ ಹೊಟ್ಟೆ ಪೂರ್ತಿ ತುಂಬುವುದಿಲ್ಲ. ಹಳೆಯದಾದ, ಕಲ್ಲು ತುಂಬಿದ ಟ್ಯಾಂಕು ತಾನೇ ಬೆಳೆಸಿಕೊಳ್ಳುವ ಕೋಪೆಪಾಡ್‌ಗಳೇ ಅದರ ನಿತ್ಯದ ಅನ್ನ. ನಮ್ಮ ಟಬ್ ಆ ಸಂತತಿ ಬತ್ತದಂತೆ ಮರುಪೂರಣ ಮಾಡುತ್ತದೆ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಫೈಟೋ, ಆಮೇಲೆ ಕೋಪೆಪಾಡ್, ಆಮೇಲೆ ತಿಂಗಳುಗಟ್ಟಲೆ ಟ್ಯಾಂಕಿಗೆ ಬಿತ್ತನೆ. ರಾತ್ರಿ ಟಾರ್ಚ್ ಬಿಟ್ಟಾಗ ಗಾಜಿನ ಮೇಲೆ ಬಿಳಿ ಚುಕ್ಕಿಗಳು ಎಲ್ಲೆಡೆ ಹರಿದಾಡುವುದು ಕಂಡ ಮೇಲೆಯೇ ಮೀನು ಮನೆಗೆ ಬರಲಿ.

ಕೊನೆಯದಾಗಿ ಒಂದು ಮಾತು. ಟಬ್‌ನಲ್ಲಿ ಸಂಸಾರ ಬೆಳೆದು ಸೋಸಲು ಆರಂಭಿಸಿದ ಮೊದಲ ದಿನವೇ ಒಂದು ಬಾಟಲಿ ಹೆಪ್ಪನ್ನು ಇನ್ನೊಬ್ಬರಿಗೆ ಕೊಡಿ. ಒಂದು ಏಪ್ರಿಲ್‌ನಲ್ಲಿ ನಾನು ಊರಿಗೆ ಹೋಗಿ ಬರುವಷ್ಟರಲ್ಲಿ, ಅಕ್ಕಪಕ್ಕದಲ್ಲೇ ಇಟ್ಟಿದ್ದ ನನ್ನ ಎರಡೂ ಟಬ್‌ಗಳು ಕಂದಿ ನಾರುತ್ತಿದ್ದವು. ಹೊರಡುವ ಮುನ್ನ ನಾಲ್ಕು ದಿನದ ಊಟವನ್ನು ಒಟ್ಟಿಗೆ ಸುರಿದಿದ್ದೆ. ಭೂತಗನ್ನಡಿಯಲ್ಲಿ ಒಂದೂ ಮಿಸುಕಲಿಲ್ಲ. ಎರಡು ವರ್ಷದ ಹಿಂದೆ ಹೆಪ್ಪು ಒಯ್ದಿದ್ದ ಗೆಳೆಯನಿಗೆ ಅಂದೇ ಸಂಜೆ ಫೋನ್ ಮಾಡಿದೆ. ಮರುದಿನ ಅವನು ನೀರಿನ ಬಾಟಲಿಯಲ್ಲಿ ತಿಳಿಹಸಿರು ನೀರು ತಂದು ಕೈಗಿಟ್ಟ. ಕಿಟಕಿಗೆ ಹಿಡಿದು ನೋಡಿದೆ. ನನ್ನವುಗಳ ಮರಿಮೊಮ್ಮಕ್ಕಳು ಕಿತ್ತಳೆ ಚುಕ್ಕಿಗಳಾಗಿ ಚಿಮ್ಮುತ್ತಿದ್ದವು. ಈಗ ಅವನ ಮನೆಯಲ್ಲಿ ನನ್ನದು, ನನ್ನ ಮನೆಯಲ್ಲಿ ಅವನದು ಒಂದೊಂದು ಬಾಟಲಿ ಸದಾ ಇರುತ್ತದೆ.